ಹುಣಸೆಹಣ್ಣಿನಲ್ಲಿ ಉಜ್ಜಿದ ಗುಂಡು

19 ಮೇ 2019, ಭಾನುವಾರ

ಬಂದು ಹತ್ತು ದಿನವಾಯಿತು. ಈ ಊರೆಂದರೆ ಒಂದು ದೊಡ್ಡ ರಸ್ತೆ, ನಾಲ್ಕು ಅಂಗಡಿ, ಒಂದು ಪೆಟ್ರೋಲ್ ಬಂಕು. ಆಮೇಲೆ ಬರೀ ಹುಲ್ಲು, ಬರೀ ಕುರಿ. ಕ್ರೈಸ್ಟ್‌ಚರ್ಚಿನಿಂದ ಒಂದೂವರೆ ಗಂಟೆ ದೂರ. ಮೈಸೂರಿನಲ್ಲಿ ಇತಿಹಾಸದ ಎಂ.ಎ., ಈ ದೇಶದ ಡನೀಡಿನ್ನಿನಲ್ಲಿ ಇನ್ನೊಂದು ಡಿಗ್ರಿ, ಇಷ್ಟೆಲ್ಲ ಓದಿ ನನ್ನ ಮಗಳು ತನುಶ್ರೀ ಇಲ್ಲಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಹಳೇ ಸಾಮಾನಿಗೆ ಚೀಟಿ ಅಂಟಿಸುತ್ತಾಳೆ. ಅದೂ ಖಾಯಂ ಕೆಲಸವಲ್ಲ. ಜುಲೈ ಮೂವತ್ತೊಂದಕ್ಕೆ ಕರಾರು ಮುಗಿಯುತ್ತದೆ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಐವತ್ತು ವರ್ಷವಾಯಿತೆಂದು ಜುಲೈನಲ್ಲಿ ಒಂದು ಪ್ರದರ್ಶನ ಮಾಡುತ್ತಾರಂತೆ. ಆಕಾಶಯಾನದ ಮೊದಲ ಹೆಜ್ಜೆಗಳೆಲ್ಲ ಅದರಲ್ಲಿ ಇರುತ್ತವಂತೆ. ಎಲ್ಲ ತನುವಿನ ತಲೆಯ ಮೇಲೆ. ಚೆನ್ನಾಗಿ ಆದರೆ ಅವಳ ಕೆಲಸ ಎರಡು ವರ್ಷಕ್ಕೆ ಮುಂದುವರಿಯುತ್ತದೆ, ವೀಸಾ ಉಳಿಯುತ್ತದೆ. ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅವಳಿಗೆ ಇಪ್ಪತ್ತೊಂಬತ್ತು. ಆಗಸ್ಟ್ ಎರಡಕ್ಕೆ ನಾನು ಎರಡು ಟಿಕೆಟ್ ಮಾಡಿಸಿಕೊಂಡು ಬಂದಿದ್ದೇನೆ, ನನ್ನದೊಂದು, ಅವಳದೊಂದು. ಅವಳಿಗೆ ಇನ್ನೂ ಹೇಳಿಲ್ಲ. ದಿನಾ ದೀಪ ಹಚ್ಚುವಾಗ ನಾನು ಏನು ಬೇಡಿಕೊಳ್ಳುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ದೇವರಿಗೆ ಗೊತ್ತು.

25 ಮೇ, ಶನಿವಾರ

ಇವತ್ತು ಮ್ಯೂಸಿಯಮ್ಮಿಗೆ ಹೋಗಿ ಬಂದೆ. ಹೆಲೆನ್ ಅನ್ನುವವಳು ಅಲ್ಲಿನ ಮುಖ್ಯಸ್ಥೆ. ಐವತ್ತೈದು ಇರಬಹುದು. ಬೂಟು ಹಾಕಿಕೊಂಡು ಗಂಡಸಿನ ಹಾಗೆ ಧಡಧಡ ನಡೆಯುತ್ತಾಳೆ.

ಸ್ಪುಟ್ನಿಕ್‌ನಿಂದ ಶುರುಮಾಡಿ ಚಂದ್ರನವರೆಗೆ ಚಿತ್ರಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದರು. ನೋಡಲು ಸಂತೆಯಲ್ಲಿ ಕ್ಯಾಲೆಂಡರ್ ಇಟ್ಟ ಹಾಗಿತ್ತು. ಸುಮ್ಮನಿರಲು ಆಗುತ್ತದೆಯೇ? ನಲವತ್ತು ವರ್ಷ ದಸರಾ ಗೊಂಬೆ ಕೂರಿಸಿದವಳು, ಮೂವತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವಳು ನಾನು. ‘ಮೆಟ್ಟಿಲು ಮಾಡಿ. ಒಂಬತ್ತು ಮೆಟ್ಟಿಲು. ಕೆಳಗೆ ಸ್ಪುಟ್ನಿಕ್, ಮೇಲೆ ಚಂದ್ರ’ ಎಂದೆ. ತನು ಮುಖ ಮುಚ್ಚಿಕೊಂಡಳು. ಹೆಲೆನ್ ಮಾತ್ರ ಸ್ವಲ್ಪ ಹೊತ್ತು ನೋಡಿ, ‘ನಾಟ್ ಬ್ಯಾಡ್’ ಅಂದಳು. ಈ ದೇಶದಲ್ಲಿ ಹಾಗೆಂದರೆ ಬಹಳ ಹೊಗಳಿದ ಹಾಗಂತೆ.

ಇನ್ನೊಂದು ವಿಷಯವನ್ನೂ ಸರಿಮಾಡಿಸಿದೆ. ಉದ್ಘಾಟನೆ ಜುಲೈ ಇಪ್ಪತ್ತಕ್ಕೆ ಎಂದಿಟ್ಟುಕೊಂಡಿದ್ದರು. ಅಮೆರಿಕಾದವರಿಗೆ ಇಪ್ಪತ್ತು. ನಮಗೂ ಇವರಿಗೂ ಆಗಲೇ ಇಪ್ಪತ್ತೊಂದು. ಆಗ ನಾನು ಹನ್ನೆರಡು ವರ್ಷದವಳು, ಬೆಳಿಗ್ಗೆ ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತ ರೇಡಿಯೋದಲ್ಲಿ ಕೇಳಿದ್ದು. ಇಲ್ಲಿಯವರಿಗೆ ಟಿ.ವಿ. ಇದ್ದರೂ ನೇರವಾಗಿ ಬರಲಿಲ್ಲವಂತೆ. ಸಿಡ್ನಿಯಲ್ಲಿ ಹಿಡಿದ ಚಿತ್ರವನ್ನು ವಾಯುಸೇನೆಯ ವಿಮಾನದಲ್ಲಿ ವೆಲ್ಲಿಂಗ್ಟನ್ನಿಗೆ ತಂದು ಆಮೇಲೆ ತೋರಿಸಿದರಂತೆ. ಹಾಗಾದರೆ ರೇಡಿಯೋದ ನಾವೇ ಮೊದಲು! ಹೆಲೆನ್ ತಾರೀಕು ಬದಲಾಯಿಸಿದಳು.

ಎರಡನೇ ಮೆಟ್ಟಿಲಿಗೆ ಬರುವ, ಆಕಾಶಕ್ಕೆ ಕಳಿಸಿದ ನಾಯಿ ಲೈಕಾಳನ್ನು ವಾಪಸು ತರುವ ಉಪಾಯವೇ ಇರಲಿಲ್ಲವಂತೆ. ಪಾಪಿಗಳು. ತೆರೆಷ್ಕೋವಾ ಅನ್ನುವ ಹುಡುಗಿ ಇಪ್ಪತ್ತಾರಕ್ಕೆ ಒಬ್ಬಳೇ ಆಕಾಶಕ್ಕೆ ಹೋದಳಂತೆ. ತಾಯಿಗೆ ಬೇರೇನೋ ನೆಪ ಹೇಳಿ ಹೋಗಿದ್ದಳು, ತಾಯಿಗೆ ವಿಷಯ ಗೊತ್ತಾದದ್ದು ಊರಿಗೆಲ್ಲ ಗೊತ್ತಾದ ಮೇಲೆ. ‘ಆ ತಾಯಿ ಎಷ್ಟು ಬೈದಳೋ!’ ಎಂದೆ. ತನು ಆ ಚಿತ್ರವನ್ನು ಎತ್ತಿ ಪಕ್ಕಕ್ಕಿಟ್ಟಳು.

1 ಜೂನ್, ಶನಿವಾರ

ಇವತ್ತು ಮನೆಗೆ ಅತಿಥಿ ಬಂದಿದೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಹಳೇ ಕಂಬಳಿಯ ಮೇಲೆ ಕೂತಿದೆ.

ದೊಡ್ಡ ಕುಂಬಳಕಾಯಿಯಷ್ಟು ಲೋಹದ ಗುಂಡು. 1972ರಲ್ಲಿ ಶುಕ್ರಗ್ರಹಕ್ಕೆಂದು ರಷ್ಯಾದವರು ಹಾರಿಸಿದ ನೌಕೆ ಭೂಮಿಯನ್ನು ದಾಟಲಾರದೆ ಸುತ್ತುತ್ತ ಉಳಿಯಿತಂತೆ. ಅದರ ಕೆಲವು ಗುಂಡುಗಳು ಈ ಬಯಲಿನ ಹೊಲಗಳಲ್ಲಿ ಬಂದು ಬಿದ್ದವಂತೆ. ಆಕಾಶದಿಂದ ಬಿದ್ದ ಸಾಮಾನನ್ನು ಹಾರಿಸಿದ ದೇಶಕ್ಕೆ ವಾಪಸು ಕೊಡಬೇಕೆಂದು ಕಾನೂನಿದೆ. ರಷ್ಯಾದವರು ನಮ್ಮದೆಂದು ಒಪ್ಪಲೇ ಇಲ್ಲ. ಹಾಗಾಗಿ ಸಿಕ್ಕಿದವರ ಮನೆಯಲ್ಲೇ ಉಳಿಯಿತು. ಇದು ಉಳಿದದ್ದು ಕಾಲಿನ್ ಎಂಬ ರೈತನ ಶೆಡ್ಡಿನಲ್ಲಿ, ನಲವತ್ತೇಳು ವರ್ಷ. ಆತ ಯಾರಿಗೂ ಕೊಡದವನು. ತನು ಆರು ತಿಂಗಳು ಅವನ ಅಡುಗೆಮನೆಯಲ್ಲಿ ಚಹಾ ಕುಡಿದು ಕುಡಿದು ಒಪ್ಪಿಸಿದಳಂತೆ. ಪ್ರದರ್ಶನಕ್ಕೆ ಇದೇ ಜೀವ. ಪತ್ರಿಕೆಗೆ ಆಗಲೇ ಸುದ್ದಿ ಕೊಟ್ಟಿದ್ದಾರೆ.

ಮ್ಯೂಸಿಯಮ್ಮಿಗೆ ಯಾಕೆ ಒಯ್ಯಲಿಲ್ಲ ಎಂದರೆ, ಈ ದೇಶದ ರಾಣಿಯ ಹುಟ್ಟುಹಬ್ಬಕ್ಕೆ ಸೋಮವಾರದವರೆಗೆ ರಜೆ. ಬೀಗದ ಕೈ ಇಟ್ಟುಕೊಂಡ ಹೆಲೆನ್ ಸಮುದ್ರದ ದಡದಲ್ಲಿರುವ ತನ್ನ ಬ್ಯಾಚಿಗೆ, ಅಂದರೆ ರಜೆ ಮನೆಗೆ, ಹೋಗಿದ್ದಾಳೆ. ‘ಅಮ್ಮಾ, ಹದಿನಾಲ್ಕು ಕೆ.ಜಿ. ಇದೆ, ಎತ್ತೋಕೆ ಗಿತ್ತೋಕೆ ಹೋಗ್ಬೇಡ’ ಎಂದಳು ತನು. ಇನ್ನೇನೋ ಹೇಳಲು ಬಂದಳು. ‘ಮಾತು ಆಮೇಲೆ, ಸಾರು ಆರಿಹೋಗ್ತಿದೆ, ಮೊದ್ಲು ಊಟ ಮಾಡು’ ಎಂದೆ. ಉಂಡವಳೇ ಮಲಗಿಬಿಟ್ಟಳು.

ಗುಂಡಿನ ಅವಸ್ಥೆ ನೋಡಿ ನನಗೆ ಅಸಹ್ಯವಾಯಿತು. ಒಂದು ಕಡೆ ಒಣಗಿದ ಮಣ್ಣು, ಒಂದು ಕಡೆ ಮಸಿ, ಮೇಲೆಲ್ಲ ಕೆಂಪು ಕೆಂಪು ತುಕ್ಕು. ಇದನ್ನು ನಾಲ್ಕು ಜನರ ಮುಂದೆ ಇಡುತ್ತಾರಂತೆ.

2 ಜೂನ್, ಭಾನುವಾರ, ಮಧ್ಯಾಹ್ನ

ತನು ಬೆಳಿಗ್ಗೆಯೇ ಕ್ರೈಸ್ಟ್‌ಚರ್ಚಿಗೆ ಹೋದಳು. ಅಲ್ಲಿನ ಗೆಳತಿ ಲೈಕಾಳ ಚಿತ್ರ ಬರೆದಿಟ್ಟಿದ್ದಾಳೆ, ಅದನ್ನು ತರಬೇಕಂತೆ.

ನಾನು ಗುಂಡನ್ನು ಎತ್ತಲಿಲ್ಲ. ಕಂಬಳಿಯ ಸಮೇತ ಎಳೆದು ಮೋರಿಯ ಹತ್ತಿರ ತಂದೆ. ಬಿಸಿನೀರು, ಹುಣಸೆಹಣ್ಣು, ಕಲ್ಲುಪ್ಪು, ಪಾತ್ರೆಯ ಸೋಪು, ಸ್ಟೀಲಿನ ನಾರು. ಒಂದು ಗಂಟೆ ಉಜ್ಜಿದೆ. ಆ ಕೆಂಪು ತುಕ್ಕು ಮಾತ್ರ ಮೇಣದ ಹಾಗೆ ಅಂಟಿಕೊಂಡಿತ್ತು, ನಾನು ಬಿಡುತ್ತೇನೆಯೇ! ಈಗ ನೋಡಬೇಕು ಅದರ ಅಂದ. ಬೆಳ್ಳಿಯ ಚೊಂಬಿನ ಹಾಗೆ ಫಳಫಳ ಹೊಳೆಯುತ್ತಿದೆ, ನನ್ನ ಮುಖ ಕಾಣಿಸುತ್ತದೆ. ಗೊಂಬೆಯನ್ನು ಮೆಟ್ಟಿಲಿಗೆ ಏರಿಸುವ ಮೊದಲು ಒರೆಸಬೇಕೆಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ತೋಳು ನೋಯುತ್ತಿದೆ. ಇರಲಿ. ಮಗಳು ಬಂದು ನೋಡಿ ಖುಷಿಪಡಲಿ ಎಂದು ಒಂದು ಸೇವಂತಿಗೆಯನ್ನೂ ಇಟ್ಟಿದ್ದೇನೆ.

3 ಜೂನ್, ಸೋಮವಾರ, ಬೆಳಿಗ್ಗೆ

ಅದು ತುಕ್ಕಲ್ಲವಂತೆ.

ಸಂಜೆ

ಬೆಳಿಗ್ಗೆ ಒಂದೇ ಸಾಲಿಗೆ ನಿಲ್ಲಿಸಿದ್ದೆ, ಈಗ ಪೂರ್ತಿ ಬರೆಯುತ್ತೇನೆ.

ಅದು ಬರಹ. ಕುರಿಗಳಿಗೆ ಗುರುತು ಹಾಕುವ ಕೆಂಪು ಬಳಪದಲ್ಲಿ ಕಾಲಿನ್ನನ ಹೆಂಡತಿ ಬರೆದದ್ದು. ಅವತ್ತು ಬೆಳಿಗ್ಗೆ ಟರ್ನಿಪ್ ಹೊಲದಲ್ಲಿ ಆ ಗುಂಡನ್ನು ಮೊದಲು ಕಂಡವಳು ಅವಳೇ. ಮಾರ್ಗರೆಟ್. ತೀರಿಕೊಂಡು ಎರಡು ವರ್ಷವಾಯಿತು. ಆ ಮಣ್ಣು ಅವತ್ತಿನ ಹೊಲದ್ದು, ಆ ಮಸಿ ಆಕಾಶದಿಂದ ಉರಿದುಕೊಂಡು ಬಂದದ್ದು. ಅವಳ ಕೈಬರಹ ಕಾಲಿನ್ನನ ಮನೆಯಲ್ಲಿ ಬೇರೆ ಎಷ್ಟೋ ಇರಬಹುದು, ಆದರೆ ಅವನು ಶೆಡ್ಡಿಗೆ ಹೋದಾಗಲೆಲ್ಲ ನೋಡುತ್ತಿದ್ದದ್ದು ಇದನ್ನಂತೆ. ಒಂದು ಫೋಟೋ ಕೂಡ ಇಲ್ಲ. ಮಂಗಳವಾರ ಮ್ಯೂಸಿಯಮ್ಮಿನಲ್ಲಿ ಒಳ್ಳೆಯ ಬೆಳಕಿನಲ್ಲಿ ತೆಗೆಯೋಣ ಎಂದುಕೊಂಡಿದ್ದಳಂತೆ ತನು. ಶನಿವಾರ ನನಗೆ ಹೇಳಲು ಬಂದದ್ದು ಇದನ್ನೇ.

ನಿನ್ನೆ ಸಂಜೆ ಬಂದು ನೋಡಿದವಳು ಕೂಗಾಡಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಕೇಳಿದಳು, ‘ಬೇಕಂತ ಮಾಡ್ದೆ ಅಲ್ವಾಮ್ಮಾ?’

‘ಏನಂದೆ?’

‘ಕೆಲಸ ಹೋದ್ರೆ ವಾಪಸ್ ಕರ್ಕೊಂಡು ಹೋಗ್ಬಹುದಲ್ಲ. ಬಂದ ದಿನದಿಂದ ನೋಡ್ತಾನೇ ಇದೀನಿ.’

ನನಗೆ ಮೈಯೆಲ್ಲ ಉರಿದುಹೋಯಿತು. ‘ಹೆತ್ತ ತಾಯಿಗೆ ಆಡೋ ಮಾತೇನೇ ಇದು? ನಾಲಿಗೆ ಮೇಲೆ ಹಿಡಿತ ಇರ್ಲಿ’ ಎಂದು ಕೂಗಿದೆ. ಬಾಗಿಲು ಹಾಕಿಕೊಂಡಳು. ನಾನು ದೇವರ ಮುಂದೆ ಬಂದು ಕೂತೆ. ಬೇಕೆಂದು ಮಾಡಲಿಲ್ಲ, ಅದು ಸತ್ಯ. ಆದರೆ ದಿನಾ ಬೇಡಿಕೊಂಡಿದ್ದೆನಲ್ಲ, ಅದೂ ಸತ್ಯ. ಬೇಡಿಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಹತ್ತು ಗಂಟೆಗೆ ರಘುನಾಥನಿಗೆ ಫೋನ್ ಮಾಡಿದೆ. ಧಾರವಾಡದ ಕಡೆಯ ಹುಡುಗ, ಇಲ್ಲಿನ ಹಾಲಿನ ಪುಡಿ ಕಾರ್ಖಾನೆಯಲ್ಲಿ ಎಂಜಿನಿಯರ್. ಅವನ ಹತ್ತಿರ ಯೂಟ್ ಇದೆ, ಹಿಂದೆ ಸಾಮಾನು ತುಂಬುವ ಗಾಡಿ. ಕಾಲಿನ್ನನ ಮನೆಗೆ ಬಿಡಪ್ಪಾ ಎಂದೆ. ದಾರಿಯಲ್ಲಿ ಎಲ್ಲ ಹೇಳಿದೆ. ‘ಅಕ್ಕಾರ, ನೀವು ಗಾಡ್ಯಾಗ ಕೂಡ್ರಿ. ನಾ ಹೋಗಿ ಇಂಗ್ಲಿಷ್‌ನ್ಯಾಗ ಛಂದ ತಿಳಿಸಿ ಹೇಳ್ತೀನ್ರಿ’ ಅಂದ. ಉಜ್ಜಿದವಳು ನಾನು, ನೀನ್ಯಾಕೆ ಹೇಳಬೇಕು ಎಂದೆ.

ಕಾಲಿನ್ ಅಂಗಳದಲ್ಲಿ ಬೇಲಿಯ ತಂತಿ ಬಿಗಿಯುತ್ತಿದ್ದರು. ಎಪ್ಪತ್ತೆಂಟಂತೆ. ಮೊಣಕಾಲುದ್ದದ ರಬ್ಬರ್ ಬೂಟು, ಹರಿದ ಸ್ವೆಟರು. ತನುವಿನ ತಾಯಿ ಎಂದಾಗ ನಕ್ಕು ಕೈ ಚಾಚಿದರು. ನಾನು ಕೈ ಕೊಡಲಿಲ್ಲ. ಕೊಟ್ಟರೆ ಮೋಸವಾಗುತ್ತಿತ್ತು. ನಮ್ಮ ಶಾಲೆಗೆ ಡಿ.ಡಿ.ಪಿ.ಐ. ಬಂದಾಗಲೂ ನನ್ನ ಇಂಗ್ಲಿಷು ತಡವರಿಸಿರಲಿಲ್ಲ, ಇವತ್ತು ತಡವರಿಸಿತು. ನಾನು ತೊಳೆದೆ, ನನ್ನ ಮಗಳಿಗೆ ಗೊತ್ತಿಲ್ಲ, ಅವಳು ಮನೆಯಲ್ಲಿರಲಿಲ್ಲ, ಕೆಂಪನ್ನು ತುಕ್ಕು ಅಂದುಕೊಂಡೆ ಎಂದೆ.

‘ಪೂರ್ತಿ ಹೋಯಿತಾ?’ ಎಂದರು.

‘ಪೂರ್ತಿ.’

ಚಾಚಿದ್ದ ಕೈಯನ್ನು ಜೇಬಿಗೆ ಇಳಿಸಿಕೊಂಡು ಶೆಡ್ಡಿನ ಕಡೆ ಹೋದರು. ‘ನಡೀರಿ ಅಕ್ಕಾರ, ಹೋಗೂಣು. ಮಳಿ ಬರೂ ಹಂಗ ಐತಿ’ ಅಂದ ರಘುನಾಥ. ನಾನು ಹೊರಡಲಿಲ್ಲ. ಆ ಗಾಳಿಯಲ್ಲಿ ಸೆರಗು ಬಿಗಿಹಿಡಿದು ಅರ್ಧ ಗಂಟೆ ನಿಂತೆ. ಅವರ ನಾಯಿ ಬಂದು ನನ್ನ ಕಾಲು ಮೂಸಿ ಹೋಯಿತು. ಕೊನೆಗೆ ಅವರು ಹೊರಗೆ ಬಂದರು.

‘ಅದರಲ್ಲಿ ಏನು ಬರೆದಿತ್ತು ಗೊತ್ತಾ ನಿಮಗೆ?’

‘ಗೊತ್ತಿಲ್ಲ.’

‘ಮಾರ್ಗ್ ಕಂಡಳು. ಮೂರು, ನಾಲ್ಕು, ಎಪ್ಪತ್ತೆರಡು. ಕಾಲಿನ್ ನಂಬಲಿಲ್ಲ.’

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತು ಅವಳು ಓಡಿಬಂದು ಆಕಾಶದಿಂದ ಗುಂಡು ಬಿದ್ದಿದೆ ಎಂದಾಗ ಗಂಡ ನಕ್ಕಿದ್ದಿರಬೇಕು. ಅದಕ್ಕೇ ಬರೆದಿಟ್ಟಿದ್ದಾಳೆ, ಜಾಣೆ. ಅವಳು ಬದುಕಿದ್ದರೆ ನನಗೂ ಅವಳಿಗೂ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಗಾಡಿಯಲ್ಲಿ ಅತ್ತೆ. ರಘುನಾಥ ರೇಡಿಯೋ ಹಾಕಿದ, ಒಳ್ಳೆಯ ಹುಡುಗ.

4 ಜೂನ್, ಮಂಗಳವಾರ

ತನು ಎಲ್ಲ ತಪ್ಪನ್ನೂ ತನ್ನ ಮೇಲೆ ಹಾಕಿಕೊಂಡು ಹೆಲೆನ್‌ಗೆ ಹೇಳಿದ್ದಾಳೆ. ಮ್ಯೂಸಿಯಮ್ಮಿನ ವಸ್ತುವನ್ನು ಮನೆಗೆ ಒಯ್ದದ್ದೇ ತನ್ನ ತಪ್ಪು ಎಂದಳಂತೆ. ಕಾಲಿನ್ ಗುಂಡನ್ನು ವಾಪಸು ಕೇಳಿದರೆ ಪ್ರದರ್ಶನವಿಲ್ಲ, ಕರಾರಿನ ಮಾತೂ ಇಲ್ಲ ಎಂದಳಂತೆ ಹೆಲೆನ್. ನಾನೇ ಹೋಗಿ ಕಾಲಿನ್‌ಗೆ ಹೇಳಿ ಬಂದೆ ಎಂದಾಗ ತನು ನನ್ನ ಕಡೆ ತಿರುಗಿದಳು. ‘ಸಾರಿ ಕೇಳಿದ್ಯಾ? ನೀನು?’ ಎಂದಳು. ಅದರಲ್ಲಿ ಆಶ್ಚರ್ಯಪಡುವಂಥದ್ದೇನಿದೆಯೋ.

6 ಜೂನ್, ಗುರುವಾರ

ಕಾಲಿನ್ ಮ್ಯೂಸಿಯಮ್ಮಿಗೆ ಬಂದಿದ್ದರು. ನನಗೂ ಬರಲು ಹೇಳಿ ಕಳಿಸಿದರು.

ಗುಂಡನ್ನು ನೋಡಿದರು. ಬರಹ ಇದ್ದ ಜಾಗಕ್ಕೆ ಹೆಬ್ಬೆಟ್ಟು ಒತ್ತಿ ನೋಡಿದರು. ಅದೇ ಬಳಪ ಸಿಗುತ್ತದೆ, ಅದೇ ಮಾತನ್ನು ಮತ್ತೆ ಬರೆಸುತ್ತೇವೆ ಎಂದು ತನು ಹೇಳಿದಳು. ‘ಅದು ಅವಳ ಕೈ ಆಗುವುದಿಲ್ಲ’ ಎಂದರು. ಹಾಗಾದರೆ ಏನು ಮಾಡೋಣ ಎಂದಳು ಹೆಲೆನ್. ತನುವಿನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಗುಂಡು ಇಲ್ಲಿಯೇ ಇರಲಿ ಎಂದರು. ಆದರೆ ಒಂದು ಷರತ್ತು. ಚೀಟಿಯಲ್ಲಿ ಬರೆದು ಅಂಟಿಸಿದರೆ ಯಾರೂ ಓದುವುದಿಲ್ಲ. ಅಳಿಸಿದವರು ಅದರ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ, ಏನಿತ್ತು, ಹೇಗೆ ಹೋಯಿತು ಎಂದು ಬಾಯಲ್ಲಿ ಹೇಳಬೇಕು. ಪ್ರದರ್ಶನ ಮುಗಿಯುವವರೆಗೆ.

‘ಅಮ್ಮಾ, ಬೇಡ. ಅಷ್ಟು ಜನರ ಮುಂದೆ ನಿಂಗೆ ಅವಮಾನ’ ಎಂದಳು ತನು, ಕನ್ನಡದಲ್ಲಿ. ಸುಮ್ಮನಿರು ಎಂದೆ. ಹೂಂ ಎಂದೆ ಕಾಲಿನ್‌ಗೆ. ಅವರು ತಲೆಯಾಡಿಸಿ ಹೊರಟರು, ನನ್ನ ಮುಖ ನೋಡಲಿಲ್ಲ.

ಪ್ರದರ್ಶನ ಸೆಪ್ಟೆಂಬರ್ ಕೊನೆಯವರೆಗೆ. ನನ್ನ ಟಿಕೆಟ್ ಮುಂದಕ್ಕೆ ಹಾಕಿಸಬೇಕು. ವೀಸಾ ಆರು ತಿಂಗಳಿದೆ, ತೊಂದರೆಯಿಲ್ಲ.

23 ಜೂನ್, ಭಾನುವಾರ

ನಮ್ಮ ಮ್ಯೂಸಿಯಮ್ಮಿನಲ್ಲಿ ಒಂಬತ್ತು ಮೆಟ್ಟಿಲು ಎದ್ದು ನಿಂತಿವೆ. ಬಡಗಿ ಎಂಟು ಮಾಡಿದ್ದ, ಇನ್ನೊಂದು ಮಾಡಿಸಿದೆ. ಸ್ಪುಟ್ನಿಕ್, ಲೈಕಾ, ಗಗಾರಿನ್, ತೆರೆಷ್ಕೋವಾ, ನೌಕೆಯಿಂದ ಹೊರಬಂದು ಶೂನ್ಯದಲ್ಲಿ ತೇಲಿದ ಲಿಯೊನೊವ್, ಎಲ್ಲರ ತಾರೀಕೂ ನನಗೆ ಬಾಯಿಪಾಠ. ತೆರೆಷ್ಕೋವಾಳನ್ನು ತನು ಒಂದು ಮೂಲೆಗೆ ತಳ್ಳಿದ್ದಳು. ನಡುವಿಗೆ ತಂದಿಟ್ಟೆ. ಮೂರು ದಿನ ಒಬ್ಬಳೇ ಭೂಮಿಯನ್ನು ಸುತ್ತಿದ ಹುಡುಗಿಯನ್ನು ಮೂಲೆಯಲ್ಲಿ ಇಡುತ್ತಾರೆಯೇ?

ಯಾವುದನ್ನೂ ಒರೆಸಲಿಲ್ಲ. ಧೂಳು ಕಂಡರೆ ತನುವನ್ನು ಕರೆಯುತ್ತೇನೆ.

12 ಜುಲೈ, ಶುಕ್ರವಾರ

ಪ್ರದರ್ಶನಕ್ಕೂ ಮೊದಲೇ, ಮಂಗಳವಾರ, ಹೆಲೆನ್ ತನುವಿಗೆ ಕರಾರಿನ ಕಾಗದ ಕೊಟ್ಟಳು. ಎರಡು ವರ್ಷ. ಪಾಯಸ ಮಾಡಿ ಮ್ಯೂಸಿಯಮ್ಮಿಗೆ ಒಯ್ದೆ. ತನುವಿನ ಟಿಕೆಟ್ ರದ್ದು ಮಾಡಿಸಿದೆ. ಟಿಕೆಟ್ ಇತ್ತೆಂದು ಅವಳಿಗೆ ಆಗ ಗೊತ್ತಾಯಿತು. ಒಂದು ದಿನ ಮಾತು ಬಿಟ್ಟಳು, ಮಾರನೇ ದಿನ ಹಸಿವಾಯಿತೆಂದು ಬಂದಳು. ಕಾಲಿನ್ ಮಾತ್ರ ಷರತ್ತು ಹಾಕಿ ಹೋದ ದಿನದಿಂದ ಈ ಕಡೆ ತಲೆ ಹಾಕಿಲ್ಲ. ತನು ಫೋನ್ ಮಾಡಿದರೂ ಎತ್ತುವುದಿಲ್ಲವಂತೆ.

21 ಜುಲೈ, ಭಾನುವಾರ

ರೇಷ್ಮೆ ಸೀರೆ ಉಟ್ಟು, ಮೇಲೆ ಕೋಟು ಹಾಕಿ, ಕಾಲಿಗೆ ತನುವಿನ ಬೂಟು ಹಾಕಿಕೊಂಡು ಹೋದೆ. ಈ ಊರಿನಲ್ಲಿ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ರೈತರು, ಶಾಲೆಯ ಮಕ್ಕಳು, ಗಾಲಿಕುರ್ಚಿಯ ಅಜ್ಜಿಯರು. ಮೆಟ್ಟಿಲುಗಳನ್ನು ನೋಡಿ ಎಲ್ಲರೂ ಬೆರಗಾದರು. ಪತ್ರಿಕೆಯವನು ಇದು ಯಾರ ಯೋಚನೆ ಎಂದು ಕೇಳಿದ. ತನುಶ್ರೀಯದು ಎಂದೆ.

ಗುಂಡಿನ ಪಕ್ಕದಲ್ಲಿ ನಿಂತೆ. ಮೊದಲ ಸಲ ಹೇಳುವಾಗ ಕಿವಿ ಬಿಸಿಯಾಯಿತು. ‘ನಾನು ಶ್ರೀಲಕ್ಷ್ಮಿ, ಮೈಸೂರಿನವಳು. ಈ ಗುಂಡಿನ ಮೇಲೆ ಅದನ್ನು ಕಂಡವಳ ಕೈಬರಹವಿತ್ತು. ತುಕ್ಕೆಂದುಕೊಂಡು ನಾನು ಅದನ್ನು ಉಜ್ಜಿ ಅಳಿಸಿದೆ. ತಪ್ಪು ನನ್ನದು. ಅದರಲ್ಲಿ ಹೀಗೆ ಬರೆದಿತ್ತು: ಮಾರ್ಗ್ ಕಂಡಳು. ಮೂರು, ನಾಲ್ಕು, ಎಪ್ಪತ್ತೆರಡು. ಕಾಲಿನ್ ನಂಬಲಿಲ್ಲ.’ ಕೊನೆಯ ಮಾತಿಗೆ ಜನ ನಗುತ್ತಾರೆ. ಮಾರ್ಗರೆಟ್‌ಳನ್ನು ಬಲ್ಲವರಂತೂ ಜೋರಾಗಿ ನಗುತ್ತಾರೆ. ಒಬ್ಬ ಅಜ್ಜಿ ನಕ್ಕು ಆಮೇಲೆ ಕಣ್ಣೊರೆಸಿಕೊಂಡಳು. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೇಳುತ್ತ ಹೇಳುತ್ತ ಧ್ವನಿ ಗಟ್ಟಿಯಾಯಿತು, ತರಗತಿಯಲ್ಲಿ ನಿಂತ ಹಾಗೆ.

ಮಧ್ಯಾಹ್ನ ಮೂರರ ಹೊತ್ತಿಗೆ, ಐವತ್ತು ವರ್ಷದ ಹಿಂದೆ ಇಲ್ಲಿನ ಗಡಿಯಾರದ ಪ್ರಕಾರ ಆರ್ಮ್‌ಸ್ಟ್ರಾಂಗ್ ಕೆಳಗಿಳಿದ ಹೊತ್ತಿಗೆ, ಹೆಲೆನ್ ಎಲ್ಲರನ್ನೂ ಚಂದ್ರನ ಮೆಟ್ಟಿಲಿನ ಕಡೆ ಕರೆದಳು. ನನ್ನ ಮುಂದೆ ಹತ್ತು ಹನ್ನೆರಡು ಮಕ್ಕಳಷ್ಟೇ ಉಳಿದರು. ಅವರಿಗೆ ಹೇಳಿ ಮುಗಿಸಿದಾಗ ಹಿಂದಿನಿಂದ ಯಾರೋ, ‘ಇನ್ನೊಂದು ಸಲ ಹೇಳಿ’ ಎಂದರು. ನೋಡಿದರೆ ಕಾಲಿನ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ.

ಹೇಳಿದೆ. ಮಕ್ಕಳು ಮತ್ತೆ ನಕ್ಕರು. ಅವರು ಹತ್ತಿರ ಬಂದರು. ಇನ್ನೂ ಒಂದು ಸಲ ಎಂದರು.

‘ಮಾರ್ಗ್ ಕಂಡಳು’ ಎಂದೆ. ‘ಮೂರು, ನಾಲ್ಕು, ಎಪ್ಪತ್ತೆರಡು’ ಎಂದೆ. ಮುಂದಿನದನ್ನು ಹೇಳದೆ ಅವರ ಮುಖ ನೋಡಿದೆ. ಕಾಲಿನ್ ಆ ಹೊಳೆಯುವ ಗುಂಡನ್ನು ನೋಡುತ್ತ, ಮಕ್ಕಳಿಗೋ ನನಗೋ ಗೊತ್ತಿಲ್ಲ, ‘ನಾನು ನಂಬಲಿಲ್ಲ’ ಎಂದರು. ಈ ಸಲ ಯಾರೂ ನಗಲಿಲ್ಲ. ಅವರು ಕೈ ಚಾಚಿದರು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅವರು ಹೋದ ಮೇಲೆ ಬಾಗಿಲ ಹತ್ತಿರ ಹೋದೆ. ತನು ಬಂದವರಿಗೆ ಕಾಗದ ಹಂಚುತ್ತ ನಿಂತಿದ್ದಳು, ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ.

‘ತನು, ನಾನೂ ನಂಬಿರ್ಲಿಲ್ಲ ಕಣೇ’ ಎಂದೆ.

‘ಏನನ್ನ?’

‘ನಿನ್ನನ್ನ.’

ಅವಳು ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟಳು. ‘ಗೊತ್ತಿತ್ತು ಬಿಡಮ್ಮಾ’ ಎಂದಳು. ಕಣ್ಣು ತುಂಬಿಕೊಂಡಿತ್ತು. ‘ಹೋಗು, ಗುಂಡಿನ ಹತ್ರ ಜನ ಬಂದು ನಿಂತಿದಾರೆ.’

ಹೋದೆ.